ಮಡಚುವ ಸೈಕಲ್ಲಿನ ಕಿರುಗಾಲಿ ಬದಲಿಸುವ ಬಗೆ

ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮಿನ ಅಂಚಿಗುಂಟ, ಕಣ್ಣು ಕಾಣದವರ ನೆರವಿಗೆಂದು ಹಾಸಿರುವ ಹಳದಿ ಟೈಲ್ಸುಗಳ ಮೇಲೆ ಸುಮಾರು 5 ಮಿಲಿಮೀಟರ್ ಎತ್ತರದ ಉಬ್ಬುಗಳಿರುತ್ತವೆ. ನಡೆಯುವವರ ಕಾಲಿಗೆ ಅವು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಡಚಿದ ಸೈಕಲ್ಲನ್ನು ಅದರ ಕಿರುಗಾಲಿಗಳ ಮೇಲೆ ಉರುಳಿಸಿಕೊಂಡು ಬರುವವನಿಗೆ ಆ ಉಬ್ಬುಗಳು ಸಿಕ್ಕ ಕೂಡಲೇ ಸೈಕಲ್ಲು ನೆಟ್ಟಂತೆ ನಿಂತುಬಿಡುತ್ತದೆ. ಕೆಲಸದ ನಿಮಿತ್ತ ಕಲಬುರಗಿಯಿಂದ ವಾಡಿಯ ಮಾರ್ಗವಾಗಿ ಯಾದಗಿರಿಗೆ ರೈಲಿನಲ್ಲಿ ಹೋಗಿಬರುವ ನಾನು ಎರಡೂ ತುದಿಗೆ ಸೈಕಲ್ಲನ್ನೇ ನೆಚ್ಚಿಕೊಂಡವನು. ಸುಮಾರು 12 ಕಿಲೋ ತೂಕದ ಈ ವಾಹನವನ್ನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹೆಗಲಿಗೇರಿಸಿಕೊಂಡು ನಡೆದು ಸಾಕಾದ ಮೇಲೆ, ಅದರ ಅಡಿಯಲ್ಲಿರುವ ನಾಲ್ಕು ಪುಟ್ಟ ಗಾಲಿಗಳ ಕಡೆಗೆ ಗಮನ ಕೊಟ್ಟೆ. ಅವುಗಳನ್ನು ಬದಲಿಸುವಾಗ ನಾನು ಮಾಡಿದ ತಪ್ಪುಗಳೂ ಕೊನೆಗೆ ಸರಿಹೋದ ವಿಧಾನವೂ ಬೇರೆಯವರ ಉಪಯೋಗಕ್ಕೆ ಬರಲೆಂದು ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಹೇಳುವ ವಿಧಾನ ಮುಖ್ಯವಾಗಿ 16 ಇಂಚಿನ ಚಕ್ರದ, ಮೂರು ಮಡಿಕೆಯ ಸೈಕಲ್ಲುಗಳಿಗೆ ಸಂಬಂಧಿಸಿದ್ದು. ಈ ವಿನ್ಯಾಸವನ್ನು 1970ರ ದಶಕದ ನಡುಭಾಗದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ರೂಪಿಸಿದರು. ಅವರ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಎಂಬ ಇಗರ್ಜಿಯ ಹೆಸರನ್ನೇ ಸೈಕಲ್ಲಿಗೂ ಇಟ್ಟರು. ಇದರಲ್ಲಿ ಹಿಂದಿನ ಚಕ್ರವು ಚೌಕಟ್ಟಿನ ಕೆಳಕ್ಕೆ ತಿರುಗಿ ಮಡಚಿಕೊಳ್ಳುತ್ತದೆ. ಆಗ ಸವಾರಿಯ ವೇಳೆ ಚಕ್ರದ ಮೇಲಿದ್ದ ಕ್ಯಾರಿಯರ್ ನೆಲಮಟ್ಟಕ್ಕೆ ಬಂದು, ಅದರ ನಾಲ್ಕು ಮೂಲೆಗಳಲ್ಲಿರುವ ಕಿರುಗಾಲಿಗಳೇ ಇಡೀ ಸೈಕಲ್ಲಿಗೆ ಕಾಲಾಗುತ್ತವೆ. ಇದೇ ಅಚ್ಚಿನಲ್ಲಿ ತಯಾರಾದ ಇತರ ಸೈಕಲ್ಲುಗಳಿಗೂ ಇಲ್ಲಿನ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ನಡುವಿನಲ್ಲಿ ಒಂದೇ ಕಡೆ ಮಡಚುವ 20 ಇಂಚಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇಂಥ ಗಾಲಿಗಳೇ ಇರುವುದಿಲ್ಲ. ಅವುಗಳನ್ನು ಮಡಚಿದ ಮೇಲೂ ತಮ್ಮ ದೊಡ್ಡ ಚಕ್ರಗಳ ಮೇಲೆಯೇ ನೂಕಿಕೊಂಡು ಹೋಗುವುದು ಅನುಕೂಲ.

ಬದಲಿಸುವ ಮೊದಲು ಬಿಚ್ಚಿ ನೋಡಿರಿ

ಗಾಲಿ ಉರುಳುತ್ತಿಲ್ಲವೆಂದರೆ ಅದು ಕೆಟ್ಟಿದೆಯೆಂದೇ ತಿಳಿಯಬೇಕಾಗಿಲ್ಲ. ಸೈಕಲ್ಲನ್ನು ಮಡಚಿ, ಹಳೆಯ ಚಾದರದ ಮೇಲೆ ಬೋರಲು ಮಾಡಿ, ಒಂದೊಂದು ಗಾಲಿಯನ್ನೂ ಬೆರಳಿನಿಂದ ತಿರುಗಿಸಿ ನೋಡಬೇಕು. ನನ್ನ ಸೈಕಲ್ಲಿನ ನಾಲ್ಕು ಗಾಲಿಗಳಲ್ಲಿ ಎರಡು ಅಲುಗುತ್ತಲೇ ಇರಲಿಲ್ಲ. ಬೋಲ್ಟು ಬಿಚ್ಚಿ ಗಾಲಿಯನ್ನು ಹೊರತೆಗೆದಾಗ ಒಳಗೆ ಕೂದಲು, ನೂಲಿನ ಎಳೆ, ತೊಗರಿಯ ಹೊಟ್ಟು ಮತ್ತು ಒಣಗಿದ ಎರೆಮಣ್ಣು ಸೇರಿ ಬೋಲ್ಟಿನ ಸುತ್ತ ಬಳೆಯಂತೆ ಗಟ್ಟಿಯಾಗಿ ಕೂತಿದ್ದವು. ಬ್ಲೇಡಿನಿಂದ ಅದನ್ನು ಸೀಳಿ ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಬೋಲ್ಟನ್ನು ಒರೆಸಿ, ತೆಳ್ಳಗೆ ಗ್ರೀಸ್ ಸವರಿ ಮತ್ತೆ ಕೂರಿಸಿದಾಗ ಗಾಲಿ ಚೆನ್ನಾಗಿಯೇ ತಿರುಗಿತು. ಮನೆಯಿಂದ ಆಟೋದವರೆಗೆ, ಆಟೋದಿಂದ ಬಾಗಿಲವರೆಗೆ ಮಾತ್ರ ಉರುಳಿಸುವವರಿಗೆ ಇಷ್ಟೇ ಸಾಕಾಗಬಹುದು. ಅಂಥವರು ಹೊಸ ಗಾಲಿಗೆ ಹಣ ಹಾಕಬೇಕಾಗಿಲ್ಲ.

ನನಗೆ ಸಾಕಾಗಲಿಲ್ಲ. ಶಹಾಬಾದಿನ ಪರ್ಸಿ ಹಾಸಿದ ನೆಲದ ಮೇಲೆ ಅದನ್ನು ಎಳೆದು ನೋಡಿದರೆ ಕಾರಣ ಕೂಡಲೇ ತಿಳಿಯುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಅಂಗಳದಲ್ಲಿ, ಕಚೇರಿಗಳ ಪಡಸಾಲೆಯಲ್ಲಿ, ಗುಡಿಗಳ ಪ್ರಾಕಾರದಲ್ಲಿ ಎಲ್ಲೆಲ್ಲೂ ಇರುವ ಈ ಸುಣ್ಣಕಲ್ಲಿನ ಚಪ್ಪಡಿಗಳ ಮೈ ಎಷ್ಟೇ ನುಣುಪಾಗಿದ್ದರೂ, ಎರಡು ಚಪ್ಪಡಿ ಕೂಡುವಲ್ಲಿ ಒಂದು ಸಂದು, ಇಲ್ಲವೇ ಒಂದಕ್ಕಿಂತ ಇನ್ನೊಂದು ತುಸು ಎತ್ತರವಾದ ಅಂಚು ಇದ್ದೇ ಇರುತ್ತದೆ. ಚಿಕ್ಕ ಗಾಲಿಗೆ ಆ ಅಂಚೇ ಗೋಡೆ.

ಇದರ ಲೆಕ್ಕ ಸರಳವಾದದ್ದು. 25 ಮಿಲಿಮೀಟರ್ ವ್ಯಾಸದ ಗಾಲಿಯ ನಡುಬಿಂದು ನೆಲದಿಂದ ಹನ್ನೆರಡೂವರೆ ಮಿಲಿಮೀಟರ್ ಮೇಲಿರುತ್ತದೆ. ಅದು 5 ಮಿಲಿಮೀಟರಿನ ಅಂಚನ್ನು ಏರಬೇಕಾದರೆ ತನ್ನ ಮೇಲಿರುವ ಭಾರದ 1.33 ಪಟ್ಟು ಬಲದಿಂದ ಅಡ್ಡಕ್ಕೆ ಎಳೆಯಬೇಕಾಗುತ್ತದೆ. ವ್ಯಾಸ 50 ಮಿಲಿಮೀಟರ್ ಆದರೆ ಅದೇ ಅಂಚಿಗೆ ಭಾರದ ಮುಕ್ಕಾಲು ಪಾಲು, 70 ಆದರೆ ಭಾರದ ಹತ್ತರಲ್ಲಿ ಆರು ಪಾಲಿನಷ್ಟು ಬಲ ಸಾಕು. ಒಂದು ಗಾಲಿಯ ಮೇಲೆ 6 ಕಿಲೋ ಭಾರ ಬಿದ್ದಿದೆಯೆಂದು ಹಿಡಿದರೆ, ಚಿಕ್ಕ ಗಾಲಿಗೆ 8 ಕಿಲೋ ಎಳೆತ ಬೇಕಾದಲ್ಲಿ 50 ಮಿಲಿಮೀಟರಿನದಕ್ಕೆ ನಾಲ್ಕೂವರೆ ಕಿಲೋ ಸಾಕಾಗುತ್ತದೆ. ಈ ಅಂಕಿಗಳಲ್ಲಿ ಇನ್ನೊಂದು ಸಂಗತಿಯೂ ಇದೆ. 25ರಿಂದ 50ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, 50ರಿಂದ 70ಕ್ಕೆ ಹೋದಾಗ ಸಿಗುವುದು ಅಲ್ಪ. ಗಾಲಿಯನ್ನು ಇನ್ನೂ ದೊಡ್ಡದು ಮಾಡುತ್ತಾ ಹೋಗುವ ಆಸೆಗೆ ಇಲ್ಲಿಯೇ ಕಡಿವಾಣ ಹಾಕಬೇಕು. ನಾನು ಮೊದಲು ಹಾಕಲಿಲ್ಲ. ಅದರಿಂದಾದ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಅಳತೆ

ಅಂಗಡಿಗೆ ಹೋಗುವ ಮೊದಲು ನಾಲ್ಕು ಅಳತೆಗಳು ಕೈಯಲ್ಲಿರಬೇಕು: ಬೋಲ್ಟಿನ ದಪ್ಪ, ಬೋಲ್ಟಿನ ಉದ್ದ, ಹಳೆಯ ಗಾಲಿಯ ವ್ಯಾಸ, ಅದರ ಅಗಲ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಸಾಧನ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೋಲ್ಟನ್ನೇ ಬಿಚ್ಚಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಟ್ಟು ಹಾಕಿ ನೋಡಬಹುದು. 6 ಮಿಲಿಮೀಟರಿನ ಬೋಲ್ಟಿಗೆ ಎಂ6 ಎಂದೂ 5ರದಕ್ಕೆ ಎಂ5 ಎಂದೂ ಹೆಸರು. ಎಂ6ರ ಒಂದು ಸುತ್ತಿಗೆ 1 ಮಿಲಿಮೀಟರ್, ಎಂ5ರ ಒಂದು ಸುತ್ತಿಗೆ 0.8 ಮಿಲಿಮೀಟರ್ ಮುಂದೆ ಸರಿಯುತ್ತದೆ. ಆದ್ದರಿಂದ ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳಾಗುತ್ತವೆ. ಗುಂಡು ತಲೆಯ ಒಳಗೆ ಆರು ಮೂಲೆಯ ಕುಳಿ ಇರುವ ಎಂ6 ಬೋಲ್ಟಿಗೆ, ತಲೆಯ ಆಕಾರಕ್ಕೆ ತಕ್ಕಂತೆ 5 ಅಥವಾ 4 ಮಿಲಿಮೀಟರಿನ ಅಲೆನ್ ಕೀ ಬೇಕು. ಅದರ ನಟ್ಟಿಗೆ 10ರ ಪಾನಾ ಬೇಕು.

ಈ ನಾಲ್ಕಕ್ಕಿಂತ ಮುಖ್ಯವಾದದ್ದು ಗಾಲಿಯ ಸುತ್ತ ಎಷ್ಟು ಜಾಗವಿದೆ ಎಂಬುದು. ಇದನ್ನು ಸ್ಕೇಲಿನಿಂದ ಅಳೆಯಲು ಹೋದರೆ ಮೋಸವಾಗುತ್ತದೆ, ಏಕೆಂದರೆ ಸವಾರಿ ಮಾಡುವಾಗ ಒಂದು ಜಾಗ, ಮಡಚಿದಾಗ ಇನ್ನೊಂದು ಜಾಗ. ನನಗೆ ಸರಿಯೆನಿಸಿದ ಉಪಾಯವೆಂದರೆ ರಟ್ಟಿನ ಬಿಲ್ಲೆಗಳು. ಮಿಠಾಯಿ ಡಬ್ಬಿಯ ದಪ್ಪ ರಟ್ಟಿನಿಂದ 50, 60, 70 ಮಿಲಿಮೀಟರ್ ವ್ಯಾಸದ ಬಿಲ್ಲೆಗಳನ್ನು ಕತ್ತರಿಸಿ, ಹೊಸ ಗಾಲಿ ಎಷ್ಟು ಅಗಲವಿರುತ್ತದೆಯೋ ಅಷ್ಟು ದಪ್ಪವಾಗುವಂತೆ ಒಂದರ ಮೇಲೊಂದು ಅಂಟಿಸಿ, ನಡುವೆ ತೂತು ಮಾಡಿ ಹಳೆಯ ಬೋಲ್ಟಿನಿಂದಲೇ ಕ್ಯಾರಿಯರಿಗೆ ಸಿಕ್ಕಿಸಬೇಕು. ಬಳಿಕ ಸೈಕಲ್ಲನ್ನು ಮೂರು ಸಾರಿ ಮಡಚಿ ಬಿಚ್ಚಬೇಕು. ರಟ್ಟು ಟೈರಿಗೆ, ಮಡ್‌ಗಾರ್ಡಿಗೆ, ಚೌಕಟ್ಟಿಗೆ ಎಲ್ಲಿಯಾದರೂ ತಾಗಿದರೆ ಅದರ ಅಂಚು ಮಡಿದು ಗುರುತು ಉಳಿಯುತ್ತದೆ. ಅನಂತರ ಸೀಟಿನ ಮೇಲೆ ಕೂತು, ದಿನನಿತ್ಯ ಹಾಕುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಂಡು, ಗೋಡೆ ಹಿಡಿದು ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಬೇಕು. ಕ್ಯಾರಿಯರಿನ ಮುಂದಿನ ಜೋಡಿ ಗಾಲಿಗಳು ಸವಾರನ ಹಿಮ್ಮಡಿಗೆ ಸಮೀಪದಲ್ಲಿರುತ್ತವೆ. ಗಾಲಿ ಅಗಲವಾದಷ್ಟೂ ಹಿಮ್ಮಡಿಗೆ ತಾಗುವ ಸಂಭವ ಹೆಚ್ಚು. ದೊಡ್ಡ ಪಾದದವರೂ, ಪಾದವನ್ನು ಹಿಂದೆ ಸರಿಸಿ ಪೆಡಲ್ ತುಳಿಯುವ ಅಭ್ಯಾಸದವರೂ ಇದನ್ನು ತಪ್ಪದೆ ನೋಡಿಕೊಳ್ಳಬೇಕು. ಗಾಲಿಗೂ ಅದಕ್ಕೆ ಹತ್ತಿರದ ಯಾವುದೇ ಭಾಗಕ್ಕೂ ನಡುವೆ ಕನಿಷ್ಠ 5 ಮಿಲಿಮೀಟರ್ ತೆರವಿರಲಿ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಳ್ಳುವಾಗ ಈ ತೆರವಿಲ್ಲದಿದ್ದರೆ ಗಾಲಿ ಹತ್ತು ಹೆಜ್ಜೆಯೊಳಗೆ ಸಿಕ್ಕಿಬೀಳುತ್ತದೆ.

ಯಾವ ಗಾಲಿ

ಸೈಕಲ್ಲಿನ ಕಂಪನಿಗಳೇ ಮಾರುವ, ಬೇರಿಂಗ್ ಇರುವ ದೊಡ್ಡ ಕಿರುಗಾಲಿಗಳು ಸಿಕ್ಕಿದರೆ ಅವೇ ಎಲ್ಲಕ್ಕಿಂತ ಸುಲಭ, ಏಕೆಂದರೆ ಬೋಲ್ಟು ವಾಷರುಗಳೆಲ್ಲ ಜೊತೆಗೇ ಬರುತ್ತವೆ. ಅವು ಸಿಗದ ಊರಿನಲ್ಲಿ ಎರಡು ದಾರಿಗಳಿವೆ: ಸ್ಕೇಟಿಂಗ್ ಗಾಲಿ ಮತ್ತು ಸೂಟ್‌ಕೇಸ್ ಗಾಲಿ.

ಮಕ್ಕಳ ಸ್ಕೇಟಿಂಗ್ ಗಾಲಿಗಳು ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಸಾಲಾಗಿ ಗಾಲಿಯಿರುವ ಸ್ಕೇಟಿನವು ಸಾಮಾನ್ಯವಾಗಿ 64ರಿಂದ 80 ಮಿಲಿಮೀಟರ್ ವ್ಯಾಸದವು, ಪಾಲಿಯುರಿಥೇನಿನಿಂದ ಮಾಡಿದವು, ಒಳಗೆ ಎರಡೆರಡು 608 ಬೇರಿಂಗ್ ಇರುವಂಥವು. 608 ಎಂದರೆ ಒಳರಂಧ್ರ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರ್ ಎಂದು ಅರ್ಥ. ಇವು ಬಹಳ ಸೊಗಸಾಗಿ ಉರುಳುತ್ತವೆ. ಆದರೆ ನಮ್ಮ ಬೋಲ್ಟು 6 ಮಿಲಿಮೀಟರಿನದಾದರೆ ನಡುವಿನ ತೆರವನ್ನು ತುಂಬಲು ಒಂದು ಬುಷ್, ಎಂದರೆ ಚಿಕ್ಕ ಕೊಳವೆ, ಬೇಕಾಗುತ್ತದೆ. ಬುಷ್ ಇಲ್ಲದೆ ಹಾಗೆಯೇ ಹಾಕಿದರೆ ಗಾಲಿ ಓಲಾಡಿ, ಬೇರಿಂಗಿನ ಒಳಬಳೆ ಬೋಲ್ಟನ್ನು ಕೊರೆಯುತ್ತದೆ.

ಸೂಟ್‌ಕೇಸಿಗೆ ಬದಲಿಯಾಗಿ ಹಾಕುವ ಗಾಲಿಗಳು 40ರಿಂದ 60 ಮಿಲಿಮೀಟರ್ ವ್ಯಾಸದಲ್ಲಿ ದೊರೆಯುತ್ತವೆ. ಹಲವು ಗಾಲಿಗಳ ರಂಧ್ರ 6 ಮಿಲಿಮೀಟರೇ ಇರುವುದರಿಂದ ಬುಷ್ ಬೇಕಾಗುವುದಿಲ್ಲ. ನಾನು ಕೊನೆಗೆ ಆರಿಸಿಕೊಂಡದ್ದು 50 ಮಿಲಿಮೀಟರ್ ವ್ಯಾಸ, 18 ಮಿಲಿಮೀಟರ್ ಅಗಲದ ನಾಲ್ಕು ಗಾಲಿಗಳನ್ನು. ಒಳಗೆ 626 ಬೇರಿಂಗುಗಳಿದ್ದವು. 626ರ ಒಳರಂಧ್ರ 6, ಹೊರವ್ಯಾಸ 19, ದಪ್ಪ 6 ಮಿಲಿಮೀಟರ್. ಬೇರಿಂಗ್ ಕೊಳ್ಳುವಾಗ ಅದರ ಮೇಲಿನ ಗುರುತನ್ನೂ ಓದಬೇಕು. ಸಂಖ್ಯೆಯ ಬಳಿಕ ಎರಡು ಝೆಡ್ ಅಕ್ಷರಗಳಿದ್ದರೆ ಎರಡೂ ಕಡೆ ತಗಡಿನ ಮುಚ್ಚಳವಿದೆಯೆಂದೂ, 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರಿನ ಮುಚ್ಚಳವಿದೆಯೆಂದೂ ತಿಳಿಯಬೇಕು. ತಗಡಿನದು ಸ್ವಲ್ಪ ಹಗುರವಾಗಿ ತಿರುಗಿದರೂ ದೂಳನ್ನು ಪೂರ್ತಿ ತಡೆಯುವುದಿಲ್ಲ. ಬೇಸಿಗೆಯ ಗಾಳಿಗೆ ಮನೆಯ ಮುಚ್ಚಿದ ಕಪಾಟಿನೊಳಕ್ಕೂ ದೂಳು ನುಗ್ಗುವ ಈ ಸೀಮೆಯಲ್ಲಿ ರಬ್ಬರ್ ಮುಚ್ಚಳದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗಾಲಿಯ ಮೈಯ ಗಟ್ಟಿತನವೂ ಗಮನಿಸತಕ್ಕದ್ದು. ಗಟ್ಟಿ ಪ್ಲಾಸ್ಟಿಕ್ಕಿನ ಗಾಲಿ ಪರ್ಸಿಯ ಮೇಲೆ ಕಟಕಟ ಸದ್ದು ಮಾಡುತ್ತದೆ, ಅಂಚಿಗೆ ಬಡಿದರೆ ಒಡೆಯುತ್ತದೆ. ತೀರ ಮೆತ್ತಗಿನದು ಸದ್ದು ಮಾಡದಿದ್ದರೂ, ಸೈಕಲ್ಲನ್ನು ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಿದರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬಿದ್ದು ಕೂಡಲೇ ಮಾಯವಾಗುವಷ್ಟು ಗಟ್ಟಿಯಾದ ಪಾಲಿಯುರಿಥೇನ್ ನಮಗೆ ತಕ್ಕದ್ದು. ಬಹಳ ಕಾಲ ಅಂಗಡಿಯಲ್ಲಿ ಕೂತ ಹಳೆಯ ಮಾಲನ್ನು ಕೊಳ್ಳಬಾರದು. ಪಾಲಿಯುರಿಥೇನ್ ಗಾಳಿಯ ತೇವದಿಂದ ವರ್ಷಗಳು ಕಳೆದಂತೆ ತಾನಾಗಿಯೇ ಪುಡಿಯಾಗುವ ವಸ್ತು. ಅಂಟಂಟಾಗಿದ್ದರೆ ಅಥವಾ ಸಣ್ಣ ಬಿರುಕುಗಳಿದ್ದರೆ ಹಿಂತಿರುಗಿಸಬೇಕು.

ಉರುಳುವುದಷ್ಟೇ ಸಾಲದು

ಮೊದಲ ಸಲ ನಾನು 72 ಮಿಲಿಮೀಟರಿನ ನಾಲ್ಕು ಸ್ಕೇಟಿಂಗ್ ಗಾಲಿಗಳನ್ನೇ ಹಾಕಿದ್ದೆ. ರಟ್ಟಿನ ಬಿಲ್ಲೆಯ ಉಪಾಯ ಆಗಿನ್ನೂ ಹೊಳೆದಿರಲಿಲ್ಲ. ಹಿಮ್ಮಡಿಗೆ ತಾಗುತ್ತಿದ್ದುದನ್ನು ಹೇಗೋ ಸಹಿಸಿಕೊಂಡೆ. ಪ್ಲಾಟ್‌ಫಾರ್ಮಿನ ಮೇಲೆ ಒಂದು ಬೆರಳಿನಿಂದ ಎಳೆದರೂ ಸೈಕಲ್ಲು ಹಿಂದೆ ಬರುತ್ತಿತ್ತು. ಆದರೆ ಮೂರನೆಯ ದಿನ, ನಾಲವಾರ ದಾಟಿದ ಮೇಲೆ ರೈಲು ಒಮ್ಮೆಲೇ ವೇಗ ತಗ್ಗಿಸಿದಾಗ, ಬಾಗಿಲ ಬಳಿ ನಿಲ್ಲಿಸಿದ್ದ ಸೈಕಲ್ಲು ತಾನಾಗಿಯೇ ಹೊರಟು, ಕೆಳಗೆ ಗಂಟು ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರ ಮೊಣಕಾಲಿಗೆ ಬಡಿಯಿತು. ನಾನು ಓಡಿಹೋಗಿ ಹಿಡಿಯುವಷ್ಟರಲ್ಲಿ ಅವರೇ ಒಂದು ಕೈಯಿಂದ ಅದನ್ನು ತಡೆದಿದ್ದರು. “ತಮ್ಮಾ, ನಿನ್ನ ಕುದರಿ ಹಗ್ಗ ಹರ್ಕೊಂಡದ ನೋಡು, ಮೊದಲ ಕಟ್ಟಿ ಹಾಕು” ಎಂದರು. ಮೊಣಕಾಲು ತರಚಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯಿಂದ ತೊಳೆಯಲು ಹೋದರೆ ಬೇಡವೆಂದರು. ಮಗು ಅಥವಾ ಬಸುರಿ ಹೆಂಗಸು ಅಲ್ಲಿ ಕೂತಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಯಾದಗಿರಿ ಬರುವ ತನಕ ನನ್ನನ್ನು ಬಿಡಲಿಲ್ಲ.

ಆ ಸಂಜೆ ಸೈಕಲ್ಲನ್ನು ಮಡಚಿಟ್ಟು ನೋಡಿದಾಗ ತಪ್ಪು ಎರಡು ಕಡೆ ಇತ್ತು. ನಾಲ್ಕೂ ಗಾಲಿಗಳು ಬೇರಿಂಗಿನವಾದ್ದರಿಂದ ಹಿಡಿದು ನಿಲ್ಲಿಸುವ ಗಾಲಿ ಒಂದೂ ಇರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಈ ಮಾದರಿಯ ಸೈಕಲ್ಲಿನಲ್ಲಿ ಸೀಟಿನ ಕೊಳವೆಯನ್ನು ಪೂರ್ತಿ ಕೆಳಗಿಳಿಸಿದಾಗ ಅದರ ಬುಡದಲ್ಲಿರುವ ರಬ್ಬರ್ ಬಿರಡೆ ನೆಲಕ್ಕೆ ಊರಿಕೊಂಡು ಬ್ರೇಕಿನಂತೆ ಸೈಕಲ್ಲನ್ನು ಹಿಡಿದಿಡುತ್ತದೆ. ಗಾಲಿ ದೊಡ್ಡದಾದಾಗ ಇಡೀ ಸೈಕಲ್ಲು ಮೇಲೇಳುತ್ತದೆ, ರಬ್ಬರು ನೆಲ ಮುಟ್ಟುವುದಿಲ್ಲ. 25ರ ಜಾಗದಲ್ಲಿ 72 ಹಾಕಿದ್ದರಿಂದ ಸೈಕಲ್ಲು ಇಪ್ಪತ್ಮೂರೂವರೆ ಮಿಲಿಮೀಟರ್ ಮೇಲೆದ್ದಿತ್ತು. ಸೈಕಲ್ಲಿನಲ್ಲಿ ಮೊದಲೇ ಇದ್ದ ಬ್ರೇಕನ್ನು ನನಗೆ ಅರಿವಿಲ್ಲದೆಯೇ ನಾನು ತೆಗೆದುಹಾಕಿದ್ದೆ.

ಆದ್ದರಿಂದ ಈಗ ನನ್ನ ವ್ಯವಸ್ಥೆ ಹೀಗಿದೆ. ನಾಲ್ಕೂ ಗಾಲಿಗಳ ವ್ಯಾಸ 50 ಮಿಲಿಮೀಟರ್. ಒಂದು ಜೋಡಿ ದೊಡ್ಡದು, ಒಂದು ಜೋಡಿ ಚಿಕ್ಕದು ಹಾಕಿದರೆ ಮಡಚಿದ ಸೈಕಲ್ಲು ವಾಲಿ ನಿಲ್ಲುವುದರಿಂದ ವ್ಯಾಸ ಸಮನಾಗಿರಲೇಬೇಕು. ಸೈಕಲ್ಲನ್ನು ಓರೆಮಾಡಿ ಎಳೆಯುವಾಗ ನೆಲಕ್ಕೆ ತಾಗುವ ಜೋಡಿಗೆ ಬೇರಿಂಗ್ ಇದೆ. ಇನ್ನೊಂದು ಜೋಡಿಯಿಂದ ಬೇರಿಂಗುಗಳನ್ನು ತೆಗೆದು, ಅದೇ ಅಳತೆಯ ನೈಲಾನ್ ಬಳೆಗಳನ್ನು ಕೂರಿಸಿ, ಬಿಗಿಯಾಗಿ, ಬೆರಳಿನಿಂದ ಬಲ ಹಾಕಿದರೆ ಮಾತ್ರ ತಿರುಗುವಂತೆ ಮಾಡಿದ್ದೇನೆ. ನೆಟ್ಟಗೆ ನಿಲ್ಲಿಸಿದಾಗ ನಾಲ್ಕೂ ಗಾಲಿಗಳು ನೆಲಕ್ಕೆ ತಾಗುತ್ತವೆ, ಆ ಬಿಗಿ ಜೋಡಿ ಹಿಡಿದುಕೊಳ್ಳುತ್ತದೆ. ಓರೆಮಾಡಿದ ಕೂಡಲೇ ಬೇರಿಂಗಿನ ಜೋಡಿ ಮಾತ್ರ ಕೆಲಸ ಮಾಡುತ್ತದೆ.

ನೈಲಾನ್ ಬಳೆಗಳನ್ನು ಕಪನೂರ ಕೈಗಾರಿಕಾ ಪ್ರದೇಶದ ಒಂದು ಲೇಥಿನಲ್ಲಿ ಮಾಡಿಸಿದೆ. ಒಂದು ಬೇರಿಂಗನ್ನು ನಮೂನೆಯಾಗಿ ಕೊಟ್ಟರೆ ಸಾಕು, ಚಿತ್ರ ಬರೆಯಬೇಕಾಗಿಲ್ಲ. ಬಿಳಿ ನೈಲಾನ್ ಸರಳನ್ನು ಹಿಡಿಸಿ, ನಡುವೆ 6ರ ರಂಧ್ರ ಕೊರೆದು, ಹೊರಮೈಯನ್ನು ಸವರುತ್ತಾ ಬಂದ ಮಿಸ್ತ್ರಿ ಪ್ರತಿ ಸುತ್ತಿಗೂ ಸರಳಿನ ತುದಿಯನ್ನು ಗಾಲಿಯ ಕುಳಿಗೆ ಹಿಡಿದು ನೋಡುತ್ತಿದ್ದರು. ಸಿಪ್ಪೆ ಉದ್ದನೆಯ ಶಾವಿಗೆಯಂತೆ ಬಿಡದೆ ಸುರುಳಿ ಸುತ್ತಿ ಬೀಳುತ್ತಿತ್ತು. “ಸರ, ನೈಲಾನ್ ಮಳಿಗಾಲದಾಗ ಉಬ್ಬತದ್ರಿ, ತೂತು ಎರಡು ಪಾಯಿಂಟ್ ಸಡಿಲ ಬಿಡ್ತೀನ್ರಿ” ಎಂದು ಅವರೇ ಹೇಳಿದರು. ನೈಲಾನ್ ತೇವ ಹೀರಿ ಹಿಗ್ಗುವುದು ನಿಜ. ಒಳರಂಧ್ರವನ್ನು 6.2 ಮಿಲಿಮೀಟರಿಗೆ ಬಿಟ್ಟದ್ದು ಜುಲೈ ತಿಂಗಳಲ್ಲಿ ಸರಿಯಾದ ನಿರ್ಧಾರವೆಂದು ತಿಳಿಯಿತು.

ಬಿಚ್ಚುವುದು, ಕೂರಿಸುವುದು

ಹಳೆಯ ಬೋಲ್ಟನ್ನು ಬಿಚ್ಚುವ ಮೊದಲು ಅದರ ತಲೆಯ ಕುಳಿಯಲ್ಲಿರುವ ಮಣ್ಣನ್ನು ಸೂಜಿಯಿಂದ ಕೆದರಿ ತೆಗೆಯಬೇಕು. ಮಣ್ಣು ತುಂಬಿದ ಕುಳಿಯಲ್ಲಿ ಅಲೆನ್ ಕೀ ಅರ್ಧವೇ ಇಳಿದು, ತಿರುಗಿಸಿದೊಡನೆ ಮೂಲೆಗಳನ್ನು ಸವೆಸಿಬಿಡುತ್ತದೆ. ಅಂಥ ಬೋಲ್ಟನ್ನು ಬಳಿಕ ಕೊರೆದೇ ತೆಗೆಯಬೇಕಾಗುತ್ತದೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ರಾತ್ರಿಯಿಡೀ ಕಾಯುವುದು ಲೇಸು. ಒಮ್ಮೆಗೆ ಒಂದೇ ಗಾಲಿಯನ್ನು ಬಿಚ್ಚಿ, ವಾಷರುಗಳು ಬಂದ ಕ್ರಮದಲ್ಲೇ ಅವುಗಳನ್ನು ಒಂದು ತಂತಿಗೆ ಪೋಣಿಸಿಡಬೇಕು.

ಸೂಟ್‌ಕೇಸ್ ಗಾಲಿಯಿಂದ ಬೇರಿಂಗನ್ನು ತೆಗೆಯಲು, ಎದುರು ಬದಿಯಿಂದ ಒಂದು ಬೋಲ್ಟನ್ನು ಓರೆಯಾಗಿ ತೂರಿಸಿ, ಸುತ್ತಲೂ ಸ್ವಲ್ಪಸ್ವಲ್ಪವೇ ತಟ್ಟಬೇಕು. ಒಂದೇ ಕಡೆ ಹೊಡೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಕೂರಿಸುವಾಗ ಬಲ ಬೀಳಬೇಕಾದದ್ದು ಹೊರಬಳೆಯ ಮೇಲೆ ಮಾತ್ರ. ಒಳಬಳೆಯನ್ನು ಒತ್ತಿದರೆ ಆ ಒತ್ತಡವೆಲ್ಲ ಒಳಗಿನ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗು ಮೊದಲ ದಿನವೇ ಕರಕರ ಎನ್ನತೊಡಗುತ್ತದೆ.

ಗಾಲಿಯನ್ನು ಕ್ಯಾರಿಯರಿಗೆ ಜೋಡಿಸುವ ಕ್ರಮದಲ್ಲಿಯೇ ಹೆಚ್ಚಿನವರು ಎಡವುವುದು. ಬೋಲ್ಟಿನ ತಲೆ, ಅದರ ಬಳಿಕ ಚಿಕ್ಕ ವಾಷರ್, ಆಮೇಲೆ ಮೊದಲ ಬೇರಿಂಗ್, ಎರಡು ಬೇರಿಂಗುಗಳ ನಡುವಿನ ಕೊಳವೆ, ಎರಡನೆಯ ಬೇರಿಂಗ್, ಇನ್ನೊಂದು ಚಿಕ್ಕ ವಾಷರ್, ಕೊನೆಗೆ ಕ್ಯಾರಿಯರ್. ಚಿಕ್ಕ ವಾಷರ್ ಬೇರಿಂಗಿನ ಒಳಬಳೆಗೆ ಮಾತ್ರ ತಾಗುವಷ್ಟು ಚಿಕ್ಕದಾಗಿರಬೇಕು. ದೊಡ್ಡ ವಾಷರ್ ಹಾಕಿದರೆ ಅದು ಹೊರಬಳೆಗೂ ರಬ್ಬರ್ ಮುಚ್ಚಳಕ್ಕೂ ಉಜ್ಜಿ, ಬಿಗಿಮಾಡಿದಷ್ಟೂ ಗಾಲಿ ನಿಲ್ಲುತ್ತದೆ. ನಡುವಿನ ಕೊಳವೆಯನ್ನು ಮರೆತರೂ ಅದೇ ಗತಿ. ಎಲ್ಲವೂ ಸರಿಯಾಗಿದ್ದರೆ ಬೋಲ್ಟನ್ನು ಎಷ್ಟೇ ಬಿಗಿಮಾಡಿದರೂ ಗಾಲಿ ಸಲೀಸಾಗಿ ತಿರುಗುತ್ತದೆ, ಏಕೆಂದರೆ ಬಿಗಿತವೆಲ್ಲ ಒಳಬಳೆಗಳ ಮೂಲಕ ಕ್ಯಾರಿಯರಿಗೆ ಹೋಗುತ್ತದೆ. ತಿರುಗದಿದ್ದರೆ ಬೋಲ್ಟನ್ನು ಸಡಿಲ ಮಾಡಿ ಸಮಾಧಾನ ಪಡಬಾರದು. ಬಿಚ್ಚಿ ವಾಷರುಗಳನ್ನು ಸರಿಪಡಿಸಬೇಕು. ಸಡಿಲ ಬಿಟ್ಟ ಬೋಲ್ಟು ದಾರಿಯಲ್ಲಿ ಕಳಚಿ ಬಿದ್ದರೆ ಗಾಲಿ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕುವ ಅಪಾಯವಿದೆ.

ನೈಲಾನ್ ಬಳೆಯ ಜೋಡಿಗೆ ಇದು ತಿರುಗುಮುರುಗು. ಅಲ್ಲಿ ಗಾಲಿಯ ಎರಡೂ ಪಕ್ಕಕ್ಕೆ ಅಗಲವಾದ ಫೈಬರ್ ವಾಷರ್ ಹಾಕಿ, ನೈಲಾಕ್ ನಟ್ಟನ್ನು ಬೇಕಾದಷ್ಟೇ ಬಿಗಿಮಾಡಬೇಕು. ನೈಲಾಕ್ ನಟ್ಟಿನ ಒಳಗೆ ನೈಲಾನ್ ಉಂಗುರವಿರುವುದರಿಂದ ಅದು ನಿಲ್ಲಿಸಿದಲ್ಲೇ ನಿಲ್ಲುತ್ತದೆ. ಬೋಲ್ಟಿನ ತುದಿ ಆ ಉಂಗುರವನ್ನು ದಾಟಿ ಒಂದೆರಡು ಸುತ್ತು ಹೊರಗೆ ಕಾಣಬೇಕು. ಕಾಣದಿದ್ದರೆ ಬೋಲ್ಟು ಗಿಡ್ಡವಾಯಿತೆಂದು ಅರ್ಥ.

ಕೆಲವು ಸೈಕಲ್ಲುಗಳಲ್ಲಿ ನಟ್ಟಿರದೆ ಬೋಲ್ಟು ನೇರವಾಗಿ ಅಲ್ಯೂಮಿನಿಯಂ ಕ್ಯಾರಿಯರಿನ ಒಳಸುತ್ತಿಗೆ ಕೂರುತ್ತದೆ. ಅಲ್ಲಿ ಮೊದಲ ಮೂರು ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಬೇಕು. ಬೋಲ್ಟು ಓರೆಯಾಗಿ ಹೊಕ್ಕರೆ ಮೆತ್ತಗಿನ ಅಲ್ಯೂಮಿನಿಯಮ್ಮಿನ ಸುತ್ತು ಒಂದೇ ಏಟಿಗೆ ಹಾಳಾಗುತ್ತದೆ. ಹೊಸ ಗಾಲಿ ಹಳೆಯದಕ್ಕಿಂತ ಎಷ್ಟು ಅಗಲವೋ ಬೋಲ್ಟೂ ಅಷ್ಟು ಉದ್ದವಾಗಬೇಕು, ಇಲ್ಲದಿದ್ದರೆ ಒಳಗೆ ಹಿಡಿತ ಸಾಲದು. ಎಂ6 ಬೋಲ್ಟು ಅಲ್ಯೂಮಿನಿಯಮ್ಮಿನೊಳಗೆ ಸುಮಾರು 9 ಮಿಲಿಮೀಟರ್ ಇಳಿದರೆ ನಂಬಬಹುದು. ಬೋಲ್ಟು ಸಡಿಲವಾಗದಂತೆ ಸುತ್ತುಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಅಂಟನ್ನು ಒಂದು ಹನಿ ಹಚ್ಚಬೇಕು. ಕೆಂಪು ಬಣ್ಣದ್ದನ್ನು ಹಚ್ಚಿದರೆ ಮುಂದೆ ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ.

ಇನ್ನು ಸೀಟಿನ ಕೊಳವೆಯ ಬುಡದ ರಬ್ಬರು. 25ರಿಂದ 50ಕ್ಕೆ ಹೋದಾಗ ಸೈಕಲ್ಲು ಹನ್ನೆರಡೂವರೆ ಮಿಲಿಮೀಟರ್ ಮೇಲೇಳುವುದರಿಂದ ಅಷ್ಟೇ ದಪ್ಪದ ರಬ್ಬರನ್ನು ಬುಡಕ್ಕೆ ಸೇರಿಸಬೇಕು. ಊರುಗೋಲಿಗೆ ಹಾಕುವ ರಬ್ಬರ್ ಟೊಪ್ಪಿಗೆಯನ್ನು ಕೊಳವೆಯ ಹೊರಗಿನಿಂದ ಹಾಕುವುದು ಸುಲಭವಾಗಿ ಕಂಡರೂ ಅದು ಕೂಡದು, ಏಕೆಂದರೆ ಹೊರಗೆ ಉಬ್ಬಿದ ಟೊಪ್ಪಿಗೆಯಿಂದಾಗಿ ಸೀಟನ್ನು ಮೇಲೆತ್ತುವಾಗ ಕೊಳವೆ ಚೌಕಟ್ಟಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಟೈರಿನ ದಪ್ಪ ಭಾಗದಿಂದ, ಕೊಳವೆಗಿಂತ 2 ಮಿಲಿಮೀಟರ್ ಕಡಿಮೆ ವ್ಯಾಸದ ಬಿಲ್ಲೆಗಳನ್ನು ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಐದು ನಿಮಿಷ ಆರಿದ ಮೇಲೆ ಈಗಿರುವ ರಬ್ಬರಿಗೆ ಒಂದರ ಮೇಲೊಂದು ಅಂಟಿಸಿ ರಾತ್ರಿಯಿಡೀ ಭಾರ ಹೇರಿಡಬೇಕು. ಸೀಟು ಇಳಿಸಿದಾಗ ರಬ್ಬರು ನೆಲವನ್ನು ಗಟ್ಟಿಯಾಗಿ ಮುಟ್ಟಬೇಕು, ಆದರೆ ಗಾಲಿಗಳು ನೆಲ ಬಿಟ್ಟು ಏಳಬಾರದು. ದಪ್ಪ ಹೆಚ್ಚಾದರೆ ಬ್ಲೇಡಿನಿಂದ ಸವರಿ ಸರಿಮಾಡಬಹುದು.

ಪರೀಕ್ಷೆ ಮತ್ತು ನಿತ್ಯದ ಜೋಪಾನ

ಎಲ್ಲ ಮುಗಿದ ಮೇಲೆ ಮನೆಯಲ್ಲಿಯೇ ಪರೀಕ್ಷಿಸಬೇಕು. ಅಂಗಡಿ ಅಥವಾ ಆಸ್ಪತ್ರೆಗಳ ಮುಂದೆ ಗಾಲಿಕುರ್ಚಿಗೆಂದು ಮಾಡಿರುವಂಥ ಇಳಿಜಾರು ಸಿಕ್ಕರೆ, ಮಡಚಿದ ಸೈಕಲ್ಲನ್ನು ಅದರ ಮೇಲೆ ಅಡ್ಡಲಾಗಿಯೂ ಉದ್ದಕ್ಕೂ ನಿಲ್ಲಿಸಿ, ಕೈಯನ್ನು ಗೇಣು ದೂರದಲ್ಲಿಟ್ಟುಕೊಂಡು ಬಿಟ್ಟು ನೋಡಬೇಕು. ಎರಡೂ ರೀತಿಯಲ್ಲಿ ಅಲುಗದೆ ನಿಂತರೆ ಮಾತ್ರ ಅದು ಜನರ ನಡುವೆ ಹೋಗಲು ತಯಾರಾಗಿದೆ ಎನ್ನಬಹುದು. ಇಷ್ಟಾದರೂ ರೈಲಿನಲ್ಲಿ, ಬಸ್ಸಿನಲ್ಲಿ ನಾನು ಅದನ್ನು ಹಾಗೆಯೇ ಬಿಡುವುದಿಲ್ಲ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ಪಟ್ಟಿಯಿಂದ ಸೀಟಿನ ಕಾಲಿಗೆ ಕಟ್ಟುತ್ತೇನೆ. ಅಜ್ಜಿ ಹೇಳಿದ್ದೂ ಅದನ್ನೇ.

ಮೊದಲ ವಾರದ ಕೊನೆಗೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಬೇಕು. ಅನಂತರ ತಿಂಗಳಿಗೊಮ್ಮೆ ಸಾಕು. ರಬ್ಬರ್ ಮುಚ್ಚಳದ ಬೇರಿಂಗಿಗೆ ಹೊರಗಿನಿಂದ ಎಣ್ಣೆ ಬಿಡಬಾರದು, ಅದು ದೂಳನ್ನು ಕರೆತರುತ್ತದೆ. ಕೂದಲು ಸುತ್ತಿಕೊಂಡದ್ದನ್ನು ಮಾತ್ರ ತಪ್ಪದೆ ತೆಗೆಯಬೇಕು. ಬೀದರಿನ ಕೆಂಪು ಮಣ್ಣಾದರೆ ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಬಹುದು. ನಮ್ಮ ಎರೆಮಣ್ಣು ಹಾಗಲ್ಲ, ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ಮಳೆ ಬಿದ್ದ ದಿನ ಎರೆಯ ಮೇಲೆ ಕಿರುಗಾಲಿ ಉರುಳಿಸುವ ಸಾಹಸ ಮಾಡದೆ ಆ ನಾಲ್ಕು ಹೆಜ್ಜೆ ಸೈಕಲ್ಲನ್ನು ಎತ್ತಿಕೊಂಡೇ ದಾಟಬೇಕು. ಮೆತ್ತಿಕೊಂಡಿದ್ದರೆ ಮಣ್ಣು ಹಸಿಯಿರುವಾಗಲೇ ಒಂದು ಮಗ್ಗು ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಸೈಕಲ್ಲನ್ನು ಬಿಚ್ಚಿಟ್ಟು ಆರಿಸಬೇಕು. ಒಂದು ಅಲೆನ್ ಕೀ, 10ರ ಪಾನಾ, ಒಂದು ಹೆಚ್ಚಿನ ನೈಲಾಕ್ ನಟ್ಟು ಮತ್ತು ನಾಲ್ಕು ಚಿಕ್ಕ ವಾಷರುಗಳನ್ನು ಕಾಗದದಲ್ಲಿ ಸುತ್ತಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡಿರಿ.